ಒಂದು ಷಿಲಿಂಗು ಆರು ಪೆನ್ಸು

ಕನ್ನಡ ಮೇಷ್ಟರಿಗೂ ಹಣಕ್ಕೂ ಎಣ್ಣೆ ಸೀಗೆಕಾಯಿಯ ಸಂಬಂಧವೆಂದು ಲೋಕದಲ್ಲಿ ಒಂದು ನಂಬಿಕೆಯುಂಟು. ನಂಬಿಕೆ ಪೂರಾ ಸುಳ್ಳಲ್ಲ. ಆದರೆ ಹಣದ ವಿಚಾರ ಮಾತನಾಡುವ ಅಧಿಕಾರವೇ ನಮಗಿಲ್ಲವೆಂದರೆ ನಾನು ಒಪ್ಪಲಾರೆ. ನಮ್ಮ ‘ಹಣ’ ಎಂಬ ಮಾತನ್ನೇ ನೋಡಿ. ಇಂದು ಅದು ಸಕಲ ಸಂಪತ್ತಿಗೂ ಹೆಸರು. ಮೈಸೂರು ಅರಸರ ಕಾಲದಲ್ಲಿ ಅದು ಅಂಗೈಯ ಗೆರೆಯಲ್ಲಿ ಅಡಗಿಹೋಗುವಂಥ ಒಂದು ಪುಟ್ಟ ಚಿನ್ನದ ನಾಣ್ಯ. ಹದಿನೇಳನೆಯ ಶತಮಾನದಲ್ಲಿ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರು ಹೊರಡಿಸಿದ ಈ ನಾಣ್ಯಕ್ಕೆ ಕಂಠೀರಾಯಿ ಹಣವೆಂದು ಹೆಸರು. ಅಂಥ ಹತ್ತು ಹಣಕ್ಕೆ ಒಂದು ವರಹ. ನಾಣ್ಯ ಹೋಯಿತು, ಮಾತು ಉಳಿಯಿತು. ಉಳಿದದ್ದಷ್ಟೇ ಅಲ್ಲ, ಬೆಳೆದು ಲೋಕವನ್ನೇ ನುಂಗಿತು.

ಇನ್ನೊಂದು ಮಾತು ‘ಚಿನಿವಾರ’. ಚಿನ್ನ ಬೆಳ್ಳಿಯ ಧಾರಣೆಗೆ ಪತ್ರಿಕೆಗಳು ‘ಚಿನಿವಾರ ಪೇಟೆ’ ಎಂದು ತಲೆಬರಹ ಕೊಡುವ ರೂಢಿಯಿಂದ ಈ ಮಾತು ಬದುಕಿಕೊಂಡು ಬಂದಿದೆ. ಊರೂರಿಗೆ ಬೇರೆ ಬೇರೆ ನಾಣ್ಯವಿದ್ದ ಕಾಲದಲ್ಲಿ ಚಿನಿವಾರನಿಲ್ಲದೆ ವ್ಯಾಪಾರವಿರಲಿಲ್ಲ. ನಾಣ್ಯವನ್ನು ಉಜ್ಜಿ, ತೂಗಿ, ಕಲ್ಲಿನ ಮೇಲೆ ಕುಟ್ಟಿ ಅದರ ದನಿ ಕೇಳಿ, ಇದು ಇಷ್ಟಕ್ಕೆ ಸಮ ಎಂದು ಹೇಳಿ, ತನ್ನ ವಟ್ಟವನ್ನು ಹಿಡಿದುಕೊಂಡು ಮಿಕ್ಕದ್ದನ್ನು ಕೊಡುವುದು ಅವನ ಕಸುಬು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸಂಸ್ಥಾನವು ಈಸ್ಟ್ ಇಂಡಿಯಾ ಕಂಪೆನಿಗೆ ವರ್ಷಕ್ಕೆ ಏಳು ಲಕ್ಷ ನಕ್ಷತ್ರ ವರಹ ಪೊಗದಿ ಸಲ್ಲಿಸಬೇಕೆಂದು ಗೊತ್ತಾಯಿತು. ಅದೇ ಮೊತ್ತ ಮುಂದೆ ವರಹಕ್ಕೆ ಮೂರೂವರೆ ರೂಪಾಯಿಯ ಲೆಕ್ಕದಲ್ಲಿ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿಯಾಗಿ ಕಾಗದಪತ್ರಗಳಲ್ಲಿ ನಿಂತಿತು. ಕೊಡುವವನ ನಾಣ್ಯ ಒಂದು, ತೆಗೆದುಕೊಳ್ಳುವವನ ನಾಣ್ಯ ಇನ್ನೊಂದು. ನಡುವೆ ಒಂದು ದರ. ಆ ದರವನ್ನು ಯಾರು ಗೊತ್ತುಮಾಡುತ್ತಾರೆ ಎಂಬುದೇ ನಾನು ಇಲ್ಲಿ ಹೇಳಹೊರಟ ಕಥೆ. ಕಥಾನಾಯಕ ನಮ್ಮ ರೂಪಾಯಿ. ಎದುರಿಗೆ ನಿಂತವನು ಇಂಗ್ಲೆಂಡಿನ ಪೌಂಡು.

೧೮೩೫ರಲ್ಲಿ ಕಂಪೆನಿ ಸರ್ಕಾರ ತನ್ನ ರಾಜ್ಯಕ್ಕೆಲ್ಲ ಒಂದೇ ರೂಪಾಯಿಯನ್ನು ತಂದಿತು. ತೂಕ ನೂರೆಂಬತ್ತು ಗ್ರೇನು, ಎಂದರೆ ಒಂದು ತೊಲ; ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಅಪ್ಪಟ ಬೆಳ್ಳಿ. ಇಂಗ್ಲೆಂಡಿನ ಪೌಂಡಾದರೋ ಚಿನ್ನದ್ದು. ಚಿನ್ನ ಬೆಳ್ಳಿಗಳ ಬೆಲೆ ಒಂದಕ್ಕೊಂದು ಹೊಂದಿಕೊಂಡಿರುವ ತನಕ ತೊಂದರೆಯಿರಲಿಲ್ಲ. ರೂಪಾಯಿಗೆ ಹೆಚ್ಚುಕಡಿಮೆ ಎರಡು ಷಿಲಿಂಗು, ಪೌಂಡಿಗೆ ಹತ್ತು ರೂಪಾಯಿ; ಬಾಯಿಲೆಕ್ಕ ಬಾರದವನೂ ವಿಲಾಯಿತಿಯ ವ್ಯಾಪಾರ ಮಾಡಬಹುದಾಗಿತ್ತು. ಆದರೆ ೧೮೭೦ರ ದಶಕದಲ್ಲಿ ಜರ್ಮನಿ ಬೆಳ್ಳಿಯನ್ನು ಬಿಟ್ಟು ಚಿನ್ನವನ್ನು ಹಿಡಿಯಿತು. ಯೂರೋಪಿನ ಇತರ ದೇಶಗಳು ಅದರ ಹಿಂದೆ ಹೊರಟವು. ಅಮೆರಿಕದ ನೆವಾಡದ ಗಣಿಗಳಿಂದ ಬೆಳ್ಳಿ ಹೊಳೆಯಾಗಿ ಹರಿಯಿತು. ಬೇಡವೆಂದವರು ಹೆಚ್ಚು, ಬಂದ ಬೆಳ್ಳಿಯೂ ಹೆಚ್ಚು. ಬೆಲೆ ಇಳಿಯದೆ ಏನು ಮಾಡೀತು? ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯನ್ನು ಕಣ್ಣಾರೆ ಕಾಣಬೇಕಾದರೆ ಆ ಇಪ್ಪತ್ತು ವರ್ಷಗಳ ಲೆಕ್ಕವನ್ನು ನೋಡಬೇಕು. ೧೮೯೪-೯೫ರ ಹೊತ್ತಿಗೆ ರೂಪಾಯಿಗೆ ಹದಿಮೂರು ಪೆನ್ಸು ಸಿಕ್ಕುವುದೇ ಹೆಚ್ಚೆನ್ನಿಸಿತು. ಹತ್ತು ರೂಪಾಯಿಯ ಪೌಂಡು ಹದಿನೆಂಟು ದಾಟಿತ್ತು.

ಇಳಿದರೆ ಇಳಿಯಲಿ, ನಮ್ಮ ರೈತನಿಗೂ ಲಂಡನ್ನಿನ ಧಾರಣೆಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧವಿತ್ತು. ಇಂಡಿಯಾ ಸರ್ಕಾರ ವರ್ಷ ವರ್ಷವೂ ಲಂಡನ್ನಿನಲ್ಲಿ ಒಂದು ದೊಡ್ಡ ಮೊತ್ತವನ್ನು ಪೌಂಡಿನಲ್ಲಿ ಕೊಡಬೇಕಾಗಿತ್ತು. ಸಾಲದ ಬಡ್ಡಿ, ರೈಲ್ವೆ ಕಂಪೆನಿಗಳ ಬಡ್ಡಿ, ಇಲ್ಲಿ ನೌಕರಿ ಮಾಡಿ ಅಲ್ಲಿ ಹೋಗಿ ಕುಳಿತ ಸಾಹೇಬರ ಪಿಂಚಣಿ, ಸೈನ್ಯದ ಖರ್ಚು, ಸರ್ಕಾರದ ಸಾಮಾನು. ಇವೆಲ್ಲಕ್ಕೂ ಸೇರಿ ‘ಹೋಂ ಚಾರ್ಜಸ್’ ಎಂದು ಹೆಸರು. ೧೮೯೨-೯೩ರಲ್ಲಿ ಹೀಗೆ ಕಳಿಸಿದ್ದು ಸುಮಾರು ಒಂದು ಕೋಟಿ ಅರವತ್ತೈದು ಲಕ್ಷ ಪೌಂಡು. ಅದಕ್ಕೆ ತಗುಲಿದ್ದು ಇಪ್ಪತ್ತಾರು ಕೋಟಿ ನಲವತ್ತೇಳು ಲಕ್ಷ ರೂಪಾಯಿ. ಇಪ್ಪತ್ತು ವರ್ಷ ಹಿಂದಿನ ದರವೇ ಇದ್ದಿದ್ದರೆ ಹದಿನೇಳು ಕೋಟಿ ಎಪ್ಪತ್ತೈದು ಲಕ್ಷ ಸಾಕಾಗುತ್ತಿತ್ತು. ಒಂದು ಪೌಂಡನ್ನೂ ಹೆಚ್ಚು ಕೊಡದೆ ಎಂಟು ಕೋಟಿ ಎಪ್ಪತ್ತು ಲಕ್ಷಕ್ಕೂ ಮೀರಿ ರೂಪಾಯಿ ಹೆಚ್ಚು ಹೋಯಿತು. ಅದು ಬಂದದ್ದು ಕಂದಾಯದಿಂದ, ಉಪ್ಪಿನ ಮೇಲಣ ತೆರಿಗೆಯಿಂದ. ಇಲ್ಲಿದ್ದ ಐರೋಪ್ಯ ಅಧಿಕಾರಿಗಳು ತಮ್ಮ ಸಂಬಳ ಊರಿಗೆ ಕಳಿಸಿದರೆ ಸವೆದುಹೋಗುತ್ತದೆಂದು ದೂರಿದರು. ಸರ್ಕಾರ ೧೮೯೩ರಲ್ಲಿ ಅವರಿಗೆ ವಿನಿಮಯದ ನಷ್ಟ ತುಂಬುವ ಭತ್ಯವನ್ನು ಕೊಟ್ಟಿತು. ಉಪ್ಪು ಕೊಂಡವನಿಗೆ ಅಂಥ ಭತ್ಯವಿರಲಿಲ್ಲ.

ಎಲ್ಲರಿಗೂ ನಷ್ಟವಾಯಿತೆಂದಲ್ಲ. ವಿನಿಮಯದ ತಕ್ಕಡಿಯ ಗುಣವೇ ಅದು. ಒಂದು ತಟ್ಟೆ ಇಳಿದರೆ ಇನ್ನೊಂದು ಏರಲೇಬೇಕು. ನಮ್ಮ ಕೋಲಾರದ ಗಣಿಯನ್ನೇ ನೋಡಿ. ೧೮೮೦ರಲ್ಲಿ ಜಾನ್ ಟೇಲರ್ ಕಂಪೆನಿಯವರು ಅಲ್ಲಿ ಕೆಲಸ ಹಿಡಿದರು. ತೆಗೆದದ್ದು ಚಿನ್ನ, ಅದು ಹೋದದ್ದು ಲಂಡನ್ನಿಗೆ, ಬಂದದ್ದು ಪೌಂಡು. ಆಳದಲ್ಲಿ ಬಂಡೆ ಒಡೆದವನಿಗೆ ಸಂದದ್ದು ಬೆಳ್ಳಿಯ ರೂಪಾಯಿ. ರೂಪಾಯಿ ಇಳಿದಷ್ಟೂ ಅದೇ ಚಿನ್ನದಿಂದ ಹೆಚ್ಚು ಕೂಲಿ ಕೊಡಬಹುದು. ಎಂದರೆ ಅದೇ ಕೂಲಿಗೆ ಕಡಮೆ ಚಿನ್ನ ಸಾಕು. ಕೊಡಗು ಚಿಕ್ಕಮಗಳೂರುಗಳ ಕಾಫಿಯ ತೋಟದ ದೊರೆಗಳ ಲೆಕ್ಕವೂ ಇದೇ. ಲಂಡನ್ನಿನ ಹರಾಜಿನಲ್ಲಿ ಪೌಂಡಿಗೆ ಮಾರಿ, ಇಲ್ಲಿ ರೂಪಾಯಿಯಲ್ಲಿ ಬಟವಾಡೆ ಮಾಡುವವರಿಗೆ ರೂಪಾಯಿಯ ಇಳಿತ ದೈವಾನುಗ್ರಹವೇ ಸರಿ.

ಈ ಇಳಿತದ ಸುದ್ದಿ ಇಂಗ್ಲಿಷ್ ಸಾಹಿತ್ಯಕ್ಕೂ ಹೊಕ್ಕಿತು. ೧೮೯೫ರಲ್ಲಿ ರಂಗಕ್ಕೆ ಬಂದ ಆಸ್ಕರ್ ವೈಲ್ಡನ ‘ದಿ ಇಂಪಾರ್ಟೆನ್ಸ್ ಆಫ್ ಬೀಯಿಂಗ್ ಅರ್ನೆಸ್ಟ್’ ನಾಟಕದಲ್ಲಿ ಪಾಠ ಹೇಳುವ ಪ್ರೌಢೆಯೊಬ್ಬಳು ತನ್ನ ಶಿಷ್ಯೆಗೆ ಅರ್ಥಶಾಸ್ತ್ರ ಓದಲು ಹೇಳಿ, ರೂಪಾಯಿ ಬಿದ್ದ ಅಧ್ಯಾಯವನ್ನು ಮಾತ್ರ ಬಿಟ್ಟುಬಿಡೆನ್ನುತ್ತಾಳೆ. ಎಳೆಯ ಮನಸ್ಸಿಗೆ ಅದು ತೀರ ಉದ್ರೇಕಕಾರಿಯಂತೆ! ಲಂಡನ್ನಿನ ಪ್ರೇಕ್ಷಕರು ನಕ್ಕರು. ನಗೆಯ ಕಾರಣ ಅವರಿಗೆ ಗೊತ್ತಿತ್ತು. ಆ ಗುಂಪಿನಲ್ಲಿ ಇಂಡಿಯಾದ ಪಿಂಚಣಿ ಪಡೆಯುವವರೂ ಇದ್ದಿರಬೇಕು. ತರಗತಿಯಲ್ಲಿ ನಾನು ಈ ಮಾತನ್ನು ಹೇಳಿದಾಗ ಹುಡುಗರೂ ನಗುತ್ತಾರೆ. ಆಮೇಲೆ ಎಂಟು ಕೋಟಿಯ ಲೆಕ್ಕ ಹೇಳಿದರೆ ನಗೆ ನಿಲ್ಲುತ್ತದೆ.

ಸರ್ಕಾರ ಕೊನೆಗೆ ೧೮೯೩ರ ಜೂನ್ ೨೬ರಂದು, ಜನರು ತಂದ ಬೆಳ್ಳಿಯನ್ನು ರೂಪಾಯಿಯಾಗಿ ಟಂಕಿಸಿಕೊಡುವುದನ್ನು ನಿಲ್ಲಿಸಿತು. ನಾಣ್ಯ ವಿರಳವಾದರೆ ಬೆಲೆ ಏರುತ್ತದೆಂಬ ಉಪಾಯ. ಉಪಾಯ ಫಲಿಸಿ ರೂಪಾಯಿ ಒಂದು ಷಿಲಿಂಗು ನಾಲ್ಕು ಪೆನ್ಸಿಗೆ ಬಂದು ನಿಂತಿತು. ೧೮೯೯ರಲ್ಲಿ ಪೌಂಡಿಗೆ ಹದಿನೈದು ರೂಪಾಯಿ ಎಂದು ಕಾಯಿದೆಯೂ ಆಯಿತು. ಅಂದಿನಿಂದ ರೂಪಾಯಿಯ ಬೆಲೆ ಅದರೊಳಗಿನ ಬೆಳ್ಳಿಯಲ್ಲಿ ಇಲ್ಲವಾಯಿತು, ಸರ್ಕಾರದ ಬಾಯಿಮಾತಿನಲ್ಲಿತ್ತು. ಬೆಳ್ಳಿಯ ಮೇಲೆ ಅಚ್ಚೊತ್ತಿದ ನೋಟು ಅದು ಎಂದರೂ ಸರಿಯೆ.

ಈ ಏರ್ಪಾಡು ಮೊದಲನೆಯ ಮಹಾಯುದ್ಧದ ತನಕ ನಡೆಯಿತು. ಯುದ್ಧದಲ್ಲಿ ಬೆಳ್ಳಿ ಏರಿತು. ರೂಪಾಯಿಯನ್ನು ಕರಗಿಸಿ ಮಾರಿದರೆ ಲಾಭ ಎಂಬ ಕಾಲ ಬಂತು. ೧೯೨೦ರಲ್ಲಿ ಸರ್ಕಾರ ಇದನ್ನು ನಂಬಿ ರೂಪಾಯಿಗೆ ಚಿನ್ನದ ಲೆಕ್ಕದಲ್ಲಿ ಎರಡು ಷಿಲಿಂಗು ಎಂದು ಸಾರಿತು. ಸಾರಿದ್ದೇ ತಡ, ಪೇಟೆ ತಿರುಗಿತು. ಹೇಳಿದ ದರವನ್ನು ಎತ್ತಿಹಿಡಿಯಲು ಲಂಡನ್ನಿನಲ್ಲಿಟ್ಟಿದ್ದ ಹಣವನ್ನು ಸುರಿದು ಸುರಿದು ಸಾಕಾಗಿ ಸೆಪ್ಟೆಂಬರಿನಲ್ಲಿ ಸರ್ಕಾರ ಕೈಚೆಲ್ಲಿತು. ಮರುವರ್ಷ ರೂಪಾಯಿ ಒಂದು ಷಿಲಿಂಗು ಮೂರು ಪೆನ್ಸಿನ ಸುಮಾರಿಗೆ ಬಿದ್ದಿತ್ತು. ಎರಡು ಷಿಲಿಂಗಿನ ಭರವಸೆಯ ಮೇಲೆ ಬಟ್ಟೆ ಯಂತ್ರಗಳನ್ನು ತರಿಸಿದ ವರ್ತಕರು ಮುಳುಗಿದರು. ಇದೇ ಗೊಂದಲದ ವರ್ಷಗಳಲ್ಲಿ ಲಂಡನ್ನಿನಲ್ಲಿ ವ್ಯಾಸಂಗ ಮಾಡುತ್ತಿದ್ದ ಭೀಮರಾವ್ ಅಂಬೇಡ್ಕರರು ರೂಪಾಯಿಯ ಸಮಸ್ಯೆಯನ್ನೇ ಹಿಡಿದು ಪ್ರಬಂಧ ಬರೆದು, ೧೯೨೩ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಸಂವಿಧಾನಶಿಲ್ಪಿಯೆಂದು ನಾವು ಅವರನ್ನು ಕೊಂಡಾಡುತ್ತೇವೆ. ಮೂವತ್ತೆರಡರ ಆ ತರುಣ ರೂಪಾಯಿಯ ಜಾತಕ ಬರೆದವನೆಂಬುದನ್ನು ಮರೆಯುತ್ತೇವೆ.

ಆಮೇಲೆ ಬಂತು, ಈ ಲೇಖನಕ್ಕೆ ಹೆಸರಾಗಿರುವ ಒಂದು ಷಿಲಿಂಗು ಆರು ಪೆನ್ಸು. ಹಿಲ್ಟನ್ ಯಂಗ್ ಅವರ ಅಧ್ಯಕ್ಷತೆಯ ಆಯೋಗ ೧೯೨೬ರಲ್ಲಿ ಆ ದರವನ್ನು ಶಿಫಾರಸು ಮಾಡಿತು. ಆಯೋಗದಲ್ಲಿದ್ದ ಮುಂಬಯಿಯ ಸರ್ ಪುರುಷೋತ್ತಮದಾಸ್ ಠಾಕುರದಾಸರು ನಾಲ್ಕು ಪೆನ್ಸೇ ಇರಲಿ ಎಂದು ಭಿನ್ನಮತ ಬರೆದರು. ೧೯೨೭ರಲ್ಲಿ ಆರು ಪೆನ್ಸು ಕಾಯಿದೆಯಾಯಿತು. ಎರಡು ಪೆನ್ಸಿಗಾಗಿ ಇಷ್ಟೊಂದು ಜಗಳವೆ ಎನ್ನಬೇಡಿ. ನಾಲ್ಕು ಪೆನ್ಸಿನ ದರದಲ್ಲಿ, ಪೌಂಡು ತರುವ ಹತ್ತಿಗೆ ಹದಿನೈದು ರೂಪಾಯಿ ಸಿಕ್ಕುತ್ತಿತ್ತು. ಆರು ಪೆನ್ಸಿನಲ್ಲಿ ಹದಿಮೂರು ರೂಪಾಯಿ ಐದಾಣೆ ನಾಲ್ಕು ಪೈ. ಒಂದು ರೂಪಾಯಿ ಹತ್ತಾಣೆ ಎಂಟು ಪೈ ಕಡಮೆ. ಬೆಳೆದವನ ಕಂದಾಯ ಮಾತ್ರ ಒಂದು ಪೈ ಇಳಿಯಲಿಲ್ಲ; ಸಾಲದ ಬಡ್ಡಿಯೂ ಇಳಿಯಲಿಲ್ಲ. ಮ್ಯಾಂಚೆಸ್ಟರಿನ ಬಟ್ಟೆಗೋ ಇಲ್ಲಿ ಅಷ್ಟರಮಟ್ಟಿಗೆ ಅಗ್ಗ. ೧೯೩೦ರ ಜನವರಿಯಲ್ಲಿ ಗಾಂಧೀಜಿ ಸರ್ಕಾರದ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಉಪ್ಪಿನ ತೆರಿಗೆ ರದ್ದಾಗಬೇಕೆಂಬುದಿತ್ತು, ಭೂಕಂದಾಯ ಅರ್ಧಕ್ಕಿಳಿಯಬೇಕೆಂಬುದಿತ್ತು. ರೂಪಾಯಿಯ ದರ ಒಂದು ಷಿಲಿಂಗು ನಾಲ್ಕು ಪೆನ್ಸಿಗೆ ಇಳಿಯಬೇಕೆಂಬುದೂ ಇತ್ತು. ಉಪ್ಪಿನ ಬೇಡಿಕೆ ದಂಡಿಯ ಕಡಲತೀರಕ್ಕೆ ನಡೆಯಿತು, ಚರಿತ್ರೆಯಾಯಿತು. ಎರಡು ಪೆನ್ಸನ್ನು ಕೈಯಲ್ಲಿ ಎತ್ತಿ ತೋರಿಸುವುದು ಹೇಗೆ? ಅದು ಪುಸ್ತಕದಲ್ಲೇ ಉಳಿಯಿತು.

ಪುಸ್ತಕದಲ್ಲಿ ಉಳಿದದ್ದು ಒಂದು ಮನೆಗೆ ಬಂದ ಬಗೆಯನ್ನು ನಾನು ಕೇಳಿದ್ದು ನಮ್ಮಜ್ಜಿಯಿಂದ. ಅಜ್ಜಿ ಹಾಸನದ ಸೀಮೆಯ ಒಂದು ಹಳ್ಳಿಯವಳು. ಅವಳು ಎಂಟು ಹತ್ತು ವರ್ಷದವಳಿದ್ದಾಗ ಜಗತ್ತಿನಲ್ಲೆಲ್ಲ ಧಾರಣೆ ಕುಸಿದಿತ್ತು. ಕಣಜದಲ್ಲಿ ಬತ್ತವಿತ್ತು, ಕೊಳ್ಳುವವನಿರಲಿಲ್ಲ. ಕಂದಾಯದ ಕಂತಿಗೆ ಪಟೇಲರು ಎರಡು ಸಲ ಬಂದು ಹೋದರು. ಮೂರನೆಯ ಸಲ ಬರುವ ಮುಂಚೆ ಅಜ್ಜಿಯ ತಾಯಿ ತಮ್ಮ ಎರಡು ಜೊತೆ ಬಳೆಗಳನ್ನು ಬಿಚ್ಚಿ ಗಂಡನ ಕೈಗೆ ಕೊಟ್ಟರು. ಗಾಡಿಯಲ್ಲಿ ಹಾಸನಕ್ಕೆ ಅಪ್ಪನ ಜೊತೆ ಅಜ್ಜಿಯೂ ಹೋಗಿದ್ದಳು. ಅಂಗಡಿಯವರು ಬಳೆಯನ್ನು ಒರೆಗಲ್ಲಿಗೆ ಉಜ್ಜಿ ನೋಡಿ, “ಸ್ವಾಮಿ, ಚಿನ್ನಕ್ಕೆ ಎಂದೂ ಇಲ್ಲದ ಬೆಲೆ ಬಂದಿದೆ. ಮಾರುವುದಾದರೆ ಇದೇ ಕಾಲ” ಎಂದರಂತೆ. ಅಪ್ಪ ಏನೂ ಹೇಳಲಿಲ್ಲವಂತೆ. ದಾರಿಯಲ್ಲಿ ಅಜ್ಜಿಗೆ ಬೆಂಡು ಬತ್ತಾಸು ಕೊಡಿಸಿದರಂತೆ. “ಬತ್ತಾಸು ತಿಂದೆ ಕಣೋ. ಮನೆಗೆ ಬಂದು ಅಮ್ಮನ ಕೈ ನೋಡಿದ ಮೇಲೆ ಅಳು ಬಂತು” ಎನ್ನುತ್ತಿದ್ದಳು, ಎಂಬತ್ತರ ವಯಸ್ಸಿನಲ್ಲಿ.

ಅಂಗಡಿಯವರು ಹೇಳಿದ್ದು ಸುಳ್ಳಲ್ಲ. ೧೯೩೧ರ ಸೆಪ್ಟೆಂಬರ್ ೨೧ರಂದು ಇಂಗ್ಲೆಂಡು ಪೌಂಡನ್ನು ಚಿನ್ನದ ಗೂಟದಿಂದ ಬಿಚ್ಚಿತು. ರೂಪಾಯಿಯನ್ನು ಮಾತ್ರ ಪೌಂಡಿನ ಗೂಟಕ್ಕೇ ಕಟ್ಟಿದ್ದಾಯಿತು, ಅದೇ ಒಂದು ಷಿಲಿಂಗು ಆರು ಪೆನ್ಸಿನ ಹಗ್ಗದಿಂದ. ಪೌಂಡು ಚಿನ್ನದ ಎದುರು ಇಳಿದಂತೆ ರೂಪಾಯಿಯೂ ಇಳಿಯಿತು. ೧೯೨೭ರ ಕಾಯಿದೆಯಲ್ಲಿ ತೊಲಕ್ಕೆ ಇಪ್ಪತ್ತೊಂದು ರೂಪಾಯಿ ಮೂರಾಣೆ ಹತ್ತು ಪೈ ಎಂದಿದ್ದ ಚಿನ್ನದ ಬೆಲೆ ಮೇಲೇರಿತು. ಬತ್ತ ರಾಗಿಗಳಿಗೆ ಬೆಲೆಯಿಲ್ಲ, ಚಿನ್ನಕ್ಕೆ ಉಂಟು; ಕಂದಾಯ ನಿಲ್ಲುವುದಿಲ್ಲ. ಹಳ್ಳಿ ಹಳ್ಳಿಯ ಪೆಟ್ಟಿಗೆಗಳಿಂದ ಚಿನ್ನ ಹೊರಟು ಮುಂಬಯಿಯ ಹಡಗು ಹತ್ತಿ ಲಂಡನ್ನಿಗೆ ಹೋಯಿತು. ವರ್ಷಗಟ್ಟಲೆ ಹೋಯಿತು. ಜನ ಲಾಭಕ್ಕೆ ಮಾರುತ್ತಿದ್ದಾರೆಂದು ಸರ್ಕಾರ ಹೇಳಿತು. ಸಂಕಟದ ಚಿನ್ನವೆಂದು ನಮ್ಮ ಮುಖಂಡರು ಹೇಳಿದರು. ಅಜ್ಜಿಯ ಅಪ್ಪನನ್ನು ಕೇಳಿದ್ದರೆ ಯಾವ ಪಕ್ಷಕ್ಕೆ ಸಾಕ್ಷಿ ಹೇಳುತ್ತಿದ್ದನೋ! ಬೆಲೆ ಚೆನ್ನಾಗಿ ಬಂತು, ನಿಜ. ಬಳೆ ಹೋಯಿತು, ಅದೂ ನಿಜ.

ಆರು ಪೆನ್ಸಿನ ದರ ಎಷ್ಟು ಗಟ್ಟಿಮುಟ್ಟಾದದ್ದೆಂದರೆ, ೧೯೩೫ರಲ್ಲಿ ಹುಟ್ಟಿದ ರಿಸರ್ವ್ ಬ್ಯಾಂಕಿನ ಮೇಲೆ ಅದನ್ನು ಕಾಪಾಡುವ ಹೊಣೆಯನ್ನು ಕಾನೂನೇ ಹೊರಿಸಿತು. ಎರಡನೆಯ ಮಹಾಯುದ್ಧದಲ್ಲಿ ನಾವು ಇಂಗ್ಲೆಂಡಿಗೆ ಧಾನ್ಯ, ಬಟ್ಟೆ, ಸೈನ್ಯದ ಸಾಮಗ್ರಿ ಒದಗಿಸಿದೆವು. ಅವರು ಅದರ ಬೆಲೆಯನ್ನು ಲಂಡನ್ನಿನಲ್ಲಿ ನಮ್ಮ ಲೆಕ್ಕಕ್ಕೆ ಪೌಂಡಿನಲ್ಲಿ ಬರೆದಿಟ್ಟರು. ಆ ಬರಹದ ಆಧಾರದ ಮೇಲೆ ಇಲ್ಲಿ ನೋಟು ಅಚ್ಚಾಯಿತು, ಬೆಲೆ ಏರಿತು, ಬಡವ ಬಸವಳಿದ. ಯುದ್ಧ ಮುಗಿದಾಗ ಇಂಗ್ಲೆಂಡು ನಮಗೆ ಸುಮಾರು ಸಾವಿರದ ಏಳುನೂರು ಕೋಟಿ ರೂಪಾಯಿ ಕೊಡಬೇಕಾಗಿತ್ತು. ಸಾಲಗಾರ ಸಾಹುಕಾರನಾದ, ಸಾಹುಕಾರ ಸಾಲಗಾರನಾದ. ದರ ಮಾತ್ರ ಅದೇ ಒಂದು ಷಿಲಿಂಗು ಆರು ಪೆನ್ಸು!

೧೯೪೭ರಲ್ಲಿ ಧ್ವಜ ಬದಲಾಯಿತು. ಆರು ಪೆನ್ಸು ಬದಲಾಗಲಿಲ್ಲ. ೧೯೪೯ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡು ಪೌಂಡಿನ ಬೆಲೆಯನ್ನು ನಾಲ್ಕು ಡಾಲರಿಗೆ ಸ್ವಲ್ಪ ಮೇಲಿದ್ದದ್ದರಿಂದ ಎರಡು ಡಾಲರು ಎಂಬತ್ತು ಸೆಂಟಿಗೆ ಇಳಿಸಿತು. ನಾವೂ ಅದರ ಜೊತೆಗೇ ಇಳಿದೆವು. ಪಾಕಿಸ್ತಾನ ಒಲ್ಲೆನೆಂದಿತು. ಎರಡು ವರ್ಷದ ಹಿಂದೆ ಒಂದೇ ಆಗಿದ್ದ ರೂಪಾಯಿ ಎರಡಾಯಿತು; ಅವರ ನೂರಕ್ಕೆ ನಮ್ಮ ನೂರನಲವತ್ತನಾಲ್ಕು. ನಾವು ಆ ದರವನ್ನು ಒಪ್ಪದೆ ವ್ಯಾಪಾರ ನಿಂತಿತು. ಪೂರ್ವ ಬಂಗಾಳದ ಸೆಣಬು ಅಲ್ಲೇ ಉಳಿಯಿತು, ಕಲ್ಕತ್ತೆಯ ಗಿರಣಿಗಳು ಇಲ್ಲಿ ಬಾಯ್ಬಿಟ್ಟವು. ನೆಲದ ಮೇಲೆ ಗೆರೆ ಎಳೆದದ್ದು ಸಾಲದೆಂದು ಲೆಕ್ಕದಲ್ಲೂ ಒಂದು ಗೆರೆ ಬಿತ್ತು. ೧೯೫೫ರಲ್ಲಿ ಪಾಕಿಸ್ತಾನವೂ ಇಳಿಸಿತು.

೧೯೫೭ರ ಏಪ್ರಿಲ್ ಒಂದರಂದು ಆಣೆ ಪೈಗಳು ಕಾನೂನಿನಲ್ಲಿ ಹೋಗಿ ನಯಾಪೈಸೆ ಬಂತು. ಆದರೂ ಪೌಂಡಿಗೆ ಹದಿಮೂರು ರೂಪಾಯಿ ಮೂವತ್ತಮೂರು ಪೈಸೆ. ಮುಖ ಬದಲಾದರೂ ಆತ್ಮ ಅದೇ. ಅದನ್ನು ಮುರಿದದ್ದು ೧೯೬೬ರ ಜೂನ್ ೬. ಬರಗಾಲ, ಯುದ್ಧ, ವಿದೇಶದ ಸಾಲ ಎಲ್ಲ ಸೇರಿ ಒತ್ತಿದಾಗ ಇಂದಿರಾ ಗಾಂಧಿಯವರ ಸರ್ಕಾರ ರೂಪಾಯಿಯನ್ನು ಅಪಮೌಲ್ಯಗೊಳಿಸಿತು. ಡಾಲರು ನಾಲ್ಕು ರೂಪಾಯಿ ಎಪ್ಪತ್ತಾರು ಪೈಸೆಯಿಂದ ಏಳೂವರೆಗೆ, ಪೌಂಡು ಇಪ್ಪತ್ತೊಂದಕ್ಕೆ ಹಾರಿತು. ಮುಂದಿನ ವರ್ಷ ನವೆಂಬರಿನಲ್ಲಿ ಇಂಗ್ಲೆಂಡೇ ಪೌಂಡನ್ನು ಇಳಿಸಿತು. ಈ ಸಲ ನಾವು ಜೊತೆಗೆ ಇಳಿಯಲಿಲ್ಲ. ಪೌಂಡು ಹದಿನೆಂಟು ರೂಪಾಯಿಗೆ ಬಂತು. ಮೊಟ್ಟಮೊದಲಿಗೆ ಲಂಡನ್ನು ಜಾರಿದಾಗ ದೆಹಲಿ ನಿಂತಿತ್ತು. ಅಪಮೌಲ್ಯದ ಅವಮಾನವನ್ನು ಕುರಿತು ಬೇಕಾದಷ್ಟು ಬರೆದಿದ್ದಾರೆ. ಈ ನಿಲುವನ್ನು ಕುರಿತು ಬರೆದವರು ಕಡಮೆ. ೧೯೭೫ರ ಸೆಪ್ಟೆಂಬರಿನಲ್ಲಿ ರೂಪಾಯಿಯನ್ನು ಪೌಂಡಿನ ಗೂಟದಿಂದ ಪೂರ್ತಿ ಬಿಚ್ಚಿ, ಹಲವು ದೇಶಗಳ ನಾಣ್ಯಗಳ ಕಟ್ಟಿಗೆ ಹೊಂದಿಸಿದರು. ೧೯೯೧ರ ಜುಲೈಯಲ್ಲಿ ಮತ್ತೆ ಎರಡು ಹೆಜ್ಜೆ ಇಳಿಸಿದರು. ೧೯೯೩ರ ಮಾರ್ಚಿಯಿಂದ ದರವನ್ನು ಪೇಟೆಗೇ ಬಿಟ್ಟರು. ರಿಸರ್ವ್ ಬ್ಯಾಂಕು ಅಗತ್ಯ ಕಂಡಾಗ ನಡುವೆ ಕೈ ಹಾಕುತ್ತದೆ, ಅಷ್ಟೆ.

ಆ ೧೯೯೧ನೆಯ ಇಸವಿ ನನಗೆ ಚೆನ್ನಾಗಿ ನೆನಪಿದೆ. ನಾನಾಗ ಮಿಡ್ಲ್ ಸ್ಕೂಲಿನ ಹುಡುಗ. ದೇಶದ ಚಿನ್ನವನ್ನು ವಿಮಾನದಲ್ಲಿ ಲಂಡನ್ನಿಗೆ ಕಳಿಸಿ ಒತ್ತೆಯಿಟ್ಟರೆಂದು ಅಪ್ಪ ಪತ್ರಿಕೆಯಿಂದ ಓದಿ ಹೇಳಿದರು. ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ ಇಟ್ಟದ್ದು ನಲವತ್ತಾರು ಟನ್ನಿಗೂ ಮಿಕ್ಕಿ. ಅಜ್ಜಿ ಬತ್ತಿ ಹೊಸೆಯುತ್ತ ಕುಳಿತಿದ್ದಳು. “ಮಾರಿದರೋ, ಅಡವಿಟ್ಟರೋ?” ಎಂದು ಕೇಳಿದಳು. ಅಡವು ಎಂದರು ಅಪ್ಪ. “ಹಾಗಾದರೆ ಸರಿ, ಬಿಡಿಸಿಕೊಳ್ಳಬಹುದು” ಎಂದು ಬತ್ತಿಗೆ ತಿರುಗಿದಳು. ಅರ್ಥಮಂತ್ರಿಗಳ ಭಾಷಣಗಳಲ್ಲಿ ನಾನು ಅಷ್ಟು ಸಂಕ್ಷೇಪವಾದ ವಿವೇಕವನ್ನು ಕಂಡಿಲ್ಲ. ಅವಳು ಹೇಳಿದಂತೆ ಆ ಸಾಲ ಅದೇ ವರ್ಷ ತೀರಿತು. ೨೦೨೩-೨೪ರಲ್ಲಿ ರಿಸರ್ವ್ ಬ್ಯಾಂಕು ಇಂಗ್ಲೆಂಡಿನಲ್ಲಿಟ್ಟಿದ್ದ ಸುಮಾರು ನೂರು ಟನ್ ಚಿನ್ನವನ್ನು ಊರಿಗೆ ತರಿಸಿಕೊಂಡಿತು. ಆ ಸುದ್ದಿ ಓದಿ ಹೇಳುವುದಕ್ಕೆ ಅಪ್ಪನಿರಲಿಲ್ಲ, ಕೇಳುವುದಕ್ಕೆ ಅಜ್ಜಿಯಿರಲಿಲ್ಲ.

ಇನ್ನು ನನ್ನ ಅಕ್ಕನ ಮಾತು. ಅಕ್ಕ ಪ್ರೈಮರಿ ಶಾಲೆಯ ಉಪಾಧ್ಯಾಯಿನಿ; ಭಾವ ಹೋಗಿ ಒಂಬತ್ತು ವರ್ಷವಾಗಿತ್ತು. ಅವಳ ಮಗ ೨೦೨೨ರಲ್ಲಿ ಇಂಗ್ಲೆಂಡಿನ ಉತ್ತರ ಭಾಗದ ಒಂದು ವಿಶ್ವವಿದ್ಯಾಲಯಕ್ಕೆ ಒಂದು ವರ್ಷದ ಎಂಎಸ್ಸಿಗೆಂದು ಹೊರಟ. ಶುಲ್ಕ ಹದಿನಾರು ಸಾವಿರ ಪೌಂಡು. ಅರ್ಧ ಸೆಪ್ಟೆಂಬರಿನಲ್ಲಿ, ಅರ್ಧ ಜನವರಿಯಲ್ಲಿ. ಮನೆಯ ಪತ್ರದ ಮೇಲೆ ಬ್ಯಾಂಕು ಸಾಲ ಕೊಟ್ಟಿತು, ರೂಪಾಯಿಯಲ್ಲಿ. ಅಂದಿನಿಂದ ಅಕ್ಕನಿಗೆ ಬೆಳಗೆದ್ದು ಪಂಚಾಂಗ ನೋಡುವುದು ತಪ್ಪಿ, ಫೋನಿನಲ್ಲಿ ಪೌಂಡು ನೋಡುವುದು ರೂಢಿಯಾಯಿತು. “ಏನೋ, ಇವತ್ತು ಇಳಿದಿದೆಯಲ್ಲೋ! ಯಾಕೆ ಇಳಿಯಿತು?” ಎಂದು ನನ್ನನ್ನು ಕೇಳುವಳು. ಆ ಸೆಪ್ಟೆಂಬರ್ ೨೩ರಂದು ಇಂಗ್ಲೆಂಡಿನ ಹೊಸ ಅರ್ಥಮಂತ್ರಿ, ಸಾಲ ತಂದಾದರೂ ತೆರಿಗೆ ಇಳಿಸುತ್ತೇನೆಂದು ಒಂದು ಕಿರು ಆಯವ್ಯಯ ಮಂಡಿಸಿದ್ದ. ಪೇಟೆ ಬೆಚ್ಚಿತು, ೨೬ರಂದು ಪೌಂಡು ಡಾಲರಿನ ಎದುರು ಹಿಂದೆಂದೂ ಇಲ್ಲದಷ್ಟು ಕುಸಿಯಿತು. ಅದೇ ವಾರ ನಮ್ಮ ರೂಪಾಯಿಯೂ ಡಾಲರಿಗೆ ಎಂಬತ್ತೊಂದನ್ನು ದಾಟಿ ಇಳಿದಿತ್ತು. ಈಗ ರೂಪಾಯಿ ಪೌಂಡುಗಳು ನೇರವಾಗಿ ಮುಖ ನೋಡುವುದು ಕಡಮೆ. ಇಬ್ಬರೂ ಡಾಲರಿನ ಜಗಲಿಗೆ ಹೋಗಿ ಅಲ್ಲಿಂದ ಒಬ್ಬರನ್ನೊಬ್ಬರು ಅಳೆಯುತ್ತಾರೆ. ನಾವು ಇಳಿದದ್ದಕ್ಕಿಂತ ಅವರು ಹೆಚ್ಚು ಇಳಿದದ್ದರಿಂದ ಅಕ್ಕನಿಗೆ ಪೌಂಡು ತೊಂಬತ್ತು ರೂಪಾಯಿಗೆ ಸಿಕ್ಕಿತು. ಅಂದು ಲಂಡನ್ನಿನಲ್ಲಿ ಮನೆಸಾಲದವರು ತಲೆಯ ಮೇಲೆ ಕೈಹೊತ್ತಿದ್ದರೆ, ಹಾಸನದಲ್ಲಿ ನಮ್ಮಕ್ಕ ಗಣಪತಿಗೆ ಇಪ್ಪತ್ತೊಂದು ಕಡುಬು ಮಾಡಿದಳು.

ಜನವರಿಯ ಹೊತ್ತಿಗೆ ಆ ಮಂತ್ರಿ ಹೋಗಿದ್ದ, ಅವನ ಪ್ರಧಾನಿಯೂ ಹೋಗಿದ್ದಳು, ಪೌಂಡು ಚೇತರಿಸಿಕೊಂಡಿತ್ತು. ಬ್ಯಾಂಕು ಹೇಳಿದ ದರ ನೂರ ಎರಡು. ಎಂಟು ಸಾವಿರ ಪೌಂಡಿಗೆ ಹನ್ನೆರಡು ರೂಪಾಯಿಯಂತೆ ತೊಂಬತ್ತಾರು ಸಾವಿರ ಹೆಚ್ಚು. ಸಾಲದ ಮೊತ್ತದಲ್ಲಿ ಅದಕ್ಕೆ ಜಾಗವಿರಲಿಲ್ಲ. ನಾನು ಕೊಡುತ್ತೇನೆಂದೆ, “ನಿನಗೂ ಮಕ್ಕಳಿದಾರೆ, ಸುಮ್ಮನಿರು” ಎಂದಳು. ತನ್ನ ನಾಲ್ಕು ಬಳೆಗಳನ್ನು ಒಯ್ದು ಅಡವಿಟ್ಟಳು. ಮಾರಲಿಲ್ಲ, ಅಜ್ಜಿಯ ಮೊಮ್ಮಗಳಲ್ಲವೆ? ಅಲ್ಲಿದ್ದ ಹುಡುಗ ಫೋನಿನಲ್ಲಿ, “ಮಾಮ, ಇಲ್ಲಿ ಒಂದು ಕಾಫಿಗೆ ಮೂರು ಪೌಂಡು. ರೂಪಾಯಿಗೆ ತಿರುಗಿಸಿದರೆ ಗಂಟಲಲ್ಲಿ ಇಳಿಯುವುದಿಲ್ಲ, ಅದಕ್ಕೇ ಕುಡಿಯುವುದಿಲ್ಲ” ಎಂದು ನಕ್ಕ. ಅಮ್ಮನ ಬಳೆಯ ವಿಷಯ ಅವನಿಗೆ ಗೊತ್ತಿರಲಿಲ್ಲ.

ಕಥೆ ಅಲ್ಲಿಗೆ ನಿಂತಿದ್ದರೆ ನಿಟ್ಟುಸಿರಿನೊಡನೆ ಮುಗಿಸಬಹುದಿತ್ತು. ಹುಡುಗ ಓದು ಮುಗಿಸಿ ಅಲ್ಲೇ ಒಂದು ಕೆಲಸ ಹಿಡಿದ. ತಿಂಗಳು ತಿಂಗಳು ನಾನೂರು ಐನೂರು ಪೌಂಡು ಕಳಿಸತೊಡಗಿದ. ಬಳೆ ಬಿಡಿಸಿಕೊಂಡು ಬಂದದ್ದಾಯಿತು. ಅಕ್ಕ ಈಗಲೂ ಬೆಳಗೆದ್ದು ಪೌಂಡು ನೋಡುತ್ತಾಳೆ. “ಏರಿದೆ ಕಣೋ!” ಎನ್ನುತ್ತಾಳೆ, ಹರ್ಷದಿಂದ. ಎರಡು ವರ್ಷದ ಹಿಂದೆ ಅದೇ ಏರಿಕೆಗೆ ಅವಳ ಮುಖ ಬಾಡುತ್ತಿತ್ತು. “ಅಕ್ಕಾ, ಪೌಂಡು ಏರಿತೆಂದರೆ ಇನ್ಯಾರ ಮನೆಯಲ್ಲೋ ಮಗನ ಶುಲ್ಕ ಏರಿತೆಂದು ಅರ್ಥ” ಎಂದೆ ಒಮ್ಮೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೌದಲ್ಲವೆ? ನಮ್ಮ ಶಾಲೆಯ ಹೆಡ್‌ಮಿಸ್ಸಿನ ಮಗಳು ಈ ವರ್ಷ ಹೊರಟಿದ್ದಾಳೆ” ಎಂದಳು. ಮರುದಿನದಿಂದ ನೋಡುವುದನ್ನು ಬಿಟ್ಟ ಹಾಗೇನೂ ಇಲ್ಲ. ಆದರೆ ಏರಿದ ಸುದ್ದಿಯನ್ನು ಮೊದಲಿನಷ್ಟು ಗಟ್ಟಿಯಾಗಿ ಹೇಳುವುದಿಲ್ಲ.

೨೦೧೩ರಲ್ಲಿ ಪೌಂಡು ಮೊದಲ ಸಲ ನೂರು ರೂಪಾಯಿ ದಾಟಿದಾಗ ಇದು ದೇಶದ ಮಾನದ ಪ್ರಶ್ನೆಯೆಂದು ಹಲವರು ಕೊರಗಿದರು. ಹತ್ತು ರೂಪಾಯಿಯ ಪೌಂಡು ಎಲ್ಲಿ, ನೂರು ರೂಪಾಯಿಯ ಪೌಂಡು ಎಲ್ಲಿ ಎಂದು ಇಂದೂ ಅನ್ನುವವರಿದ್ದಾರೆ. ಅವರಿಗೆ ನನ್ನದೊಂದು ವಿನಂತಿ. ರೂಪಾಯಿ ಒಂದು ಷಿಲಿಂಗು ಆರು ಪೆನ್ಸಿನ ಎತ್ತರದಲ್ಲಿ ಬಂಡೆಯಂತೆ ನಿಂತಿದ್ದ ದಿನಗಳಲ್ಲಿ ನಾವು ಮಾನವಂತರಾಗಿರಲಿಲ್ಲ, ಪರತಂತ್ರರಾಗಿದ್ದೆವು. ಆ ಎತ್ತರಕ್ಕಾಗಿ ಬತ್ತ ಬೆಳೆದವನು ದಂಡ ತೆತ್ತ. ಇಳಿದ ರೂಪಾಯಿಯೇ ಒಳ್ಳೆಯದೆಂದೂ ನಾನು ಹೇಳುವುದಿಲ್ಲ. ಇಳಿದಾಗ ಹೋಂ ಚಾರ್ಜಸ್ಸಿನ ಭಾರ ಉಪ್ಪಿನವನ ಮೇಲೆ ಬಿದ್ದುದನ್ನು ನೋಡಿದ್ದಾಯಿತು. ಇಂದು ಎಣ್ಣೆಯ ಬೆಲೆಯಲ್ಲಿ ಅದು ಎಲ್ಲರ ಅಡಿಗೆಮನೆಗೆ ಬರುತ್ತದೆ. ದರಕ್ಕೆ ಮಾನ ಅವಮಾನಗಳಿಲ್ಲ. ಅದನ್ನು ಗೊತ್ತುಮಾಡುವಾಗ ಯಾರನ್ನು ಕೇಳಿದರು, ಯಾರನ್ನು ಕೇಳಲಿಲ್ಲ ಎಂಬುದರಲ್ಲಿ ಮಾತ್ರ ಮಾನದ ಪ್ರಶ್ನೆ ಇದೆ. ೧೯೨೬ರ ಆಯೋಗ ಬ್ಯಾಂಕಿನವರನ್ನು ಕೇಳಿತು, ಗಿರಣಿಯವರನ್ನು ಕೇಳಿತು, ಪಂಡಿತರನ್ನು ಕೇಳಿತು. ಕಂದಾಯ ಕಟ್ಟುವವನ ಬೇಳೆ ಅಲ್ಲಿ ಬೇಯಲಿಲ್ಲ.

ಹಳೆಯ ಚಿನಿವಾರನಾದರೂ ಎದುರಿಗೆ ಕುಳಿತಿರುತ್ತಿದ್ದ. ವಟ್ಟ ಹೆಚ್ಚಾಯಿತೆಂದರೆ ಜಗಳವಾಡಬಹುದಾಗಿತ್ತು. ಪಕ್ಕದ ಅಂಗಡಿಗೆ ಹೋಗುತ್ತೇನೆಂದು ಎದ್ದರೆ ಕಾಲಾಣೆಯಾದರೂ ಬಿಡುತ್ತಿದ್ದ. ಇಂದಿನ ಚಿನಿವಾರನಿಗೆ ಮುಖವಿಲ್ಲ. ನ್ಯೂಯಾರ್ಕು, ಲಂಡನ್ನು, ಮುಂಬಯಿಗಳ ಯಂತ್ರಗಳಲ್ಲಿ ಹಂಚಿಹೋಗಿದ್ದಾನೆ. ಅವನೊಡನೆ ಚೌಕಾಸಿ ಮಾಡುವ ಬಗೆ ಕನ್ನಡ ಮೇಷ್ಟರಿಗೆ ತಿಳಿಯದು. ಪತ್ರಿಕೆಯ ಮೂಲೆಯಲ್ಲಿ ಡಾಲರು, ಪೌಂಡು, ಯೂರೋ ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗುವ ಮೂರು ಸಾಲನ್ನು ಇನ್ನು ಮೇಲೆ ಹಾರಿಸಿ ಓದಬೇಡಿ ಎಂದಷ್ಟೇ ಹೇಳಬಲ್ಲೆ. ಯಾವ ಮನೆಯ ಪೆಟ್ಟಿಗೆಯ ಬೀಗ ಇಂದು ತೆರೆಯಬೇಕಾಗಿದೆ ಎಂಬ ಸುದ್ದಿ ಅಲ್ಲಿರುತ್ತದೆ.